ಅರ್ಜುನಪ್ಪ ಗಟಾರಕ್ಕೆ ಕರೆಂಟು ಕೊಟ್ಟದ್ದು

ಹುಬ್ಬಳ್ಳಿ ಬೆಂಗೇರಿಯ ಹುಚ್ಚಪ್ಪ ಸಾವಕಾರರ ಶೇಂಗಾ ಎಣ್ಣೆಯ ಮಿಲ್ಲಿನಿಂದ ಹೊರಬೀಳುವ ಗಟಾರವು, ಸರಕಾರದ ಒಬ್ಬ ಸಾಹೇಬರು ಅದರ ಪಕ್ಕದಲ್ಲಿ ಸೈಕಲ್ ಸಮೇತ ಜಾರಿ ಬೀಳುವವರೆಗೆ ಹೊಲಸಾಗಿರಲಿಲ್ಲ. ಮಿಲ್ಲು ಹುಟ್ಟಿದಂದಿನಿಂದ ಅದು ಹರಿಯುತ್ತಲೇ ಇತ್ತು. ಡಬ್ಬಿ ತೊಳೆದ ನೀರು, ಯಂತ್ರ ತೊಳೆದ ನೀರು, ಕೂಲಿಯವರು ಸಾಬೂನು ಹಚ್ಚಿ ಕೈಕಾಲು ತೊಳೆದ ನೀರು ಎಲ್ಲ ಕೂಡಿ, ಎಣ್ಣೆ ನೀರನ್ನು ಬಿಡಲೊಲ್ಲದೆ, ನೀರು ಎಣ್ಣೆಯನ್ನು ಬಿಡಲೊಲ್ಲದೆ, ತೆಳ್ಳನೆಯ ಮಜ್ಜಿಗೆಯ ಬಣ್ಣ ತಾಳಿ, ಮಿಲ್ಲಿನ ಆಳುಗಳ ಸಾಲುಮನೆಗಳಾದ ಚಾಳದ ಮುಂದೆ ಹಾಯ್ದು, ತುಸು ಕೆಳಗಿದ್ದ ಹೊಂಡಕ್ಕೆ ಸೇರುತ್ತಿತ್ತು. ಹೊಂಡದಲ್ಲಿ ಹಾಲು ಮಾರುವ ಅಕ್ಕವ್ವನ ಎಮ್ಮೆಗಳು ಮಲಗುತ್ತಿದ್ದವು. ಯಾರಿಗೂ ತಕರಾರು ಇರಲಿಲ್ಲ. ಸಾಹೇಬರ ಬಿಳಿಯ ಪ್ಯಾಂಟಿಗೆ ತಾಗಿದ ಗಳಿಗೆಯಿಂದ ಮಾತ್ರ ಅದು ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಯಿತು.

ಸಾಹೇಬರು ನೈರ್ಮಲ್ಯದ ಕೆಲಸದವರು. ಅವರ ಹೆಸರಾಗಲಿ, ಕಚೇರಿಯ ಹೆಸರಾಗಲಿ ಇಲ್ಲಿ ಬೇಡ. ಬೆಂಗೇರಿಯವರು ಅವರನ್ನು ಗಟಾರ ಸಾಹೇಬರೆಂದು ಕರೆಯುತ್ತಿದ್ದರು, ಅಷ್ಟು ಸಾಕು. ಹುಬ್ಬಳ್ಳಿ ಧಾರವಾಡಗಳು ಇನ್ನು ಮೇಲೆ ಒಂದೇ ಊರೆಂದು ಸರಕಾರ ಸಾರಿದ ಹೊಸತು ಅದು. ಎರಡೂ ಊರಿನವರು ಅದನ್ನಿನ್ನೂ ನಂಬಿರಲಿಲ್ಲ. ಆದರೆ ಸಾಹೇಬರುಗಳಿಗೆ ಬೀಳುವುದಕ್ಕೆ ಎರಡು ಊರಿನ ಗಟಾರಗಳು ಸಿಕ್ಕಂತಾಗಿತ್ತು.

“ಸಾವಕಾರ್ರ, ನಿಮ್ಮ ನೀರಾಗ ಎಣ್ಣಿ ಐತಿ,” ಎಂದರು ಸಾಹೇಬರು, ಪ್ಯಾಂಟು ಒರೆಸಿಕೊಳ್ಳುತ್ತ.

“ಇರೂದಽರಿ. ಎಣ್ಣಿ ಮಿಲ್ಲು.”

“ಎಣ್ಣಿ ತಗದು ನೀರು ಬಿಡಬೇಕು. ಇಲ್ಲಂದ್ರ ಮಿಲ್ಲಿಗೆ ಕೀಲಿ.”

“ಹಾಲಿನಾಗ ಕಲತ ನೀರನ್ನ ಯಾರರ ತಗದಾರೇನ್ರಿ?” ಎಂದರು ಸಾವಕಾರರು. ಅವರ ಮನೆಗೆ ಹಾಲು ಬರುತ್ತಿದ್ದುದು ಅಕ್ಕವ್ವನಿಂದ. ಆದ್ದರಿಂದ ಅನುಭವದ ಮಾತು.

ತಕ್ಕಡಿಯ ಪಕ್ಕದಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದವನು ಅರ್ಜುನಪ್ಪ. ಮಿಲ್ಲಿಗೆ ಬರುವ ಶೇಂಗಾ ಚೀಲಗಳ ತೂಕ ನೋಡುವುದು ಅವನ ಕೆಲಸ. ಒಳ್ಳೆಯ ಮನುಷ್ಯ. ಬೀಡಿ ಇಲ್ಲ, ಇಸ್ಪೀಟು ಇಲ್ಲ. ಇದ್ದುದು ಒಂದೇ ಚಟ: ಯಾರು ಏನು ಹೇಳತೊಡಗಿದರೂ ‘ನನಗ ಗೊತ್ತೈತಿ’ ಅನ್ನುವುದು. ಹಿಂದಿನ ಆದಿತ್ಯವಾರ ಅವನ ಹೆಂಡತಿ ಸಾವಕ್ಕನ ತಮ್ಮ ಯಮನಪ್ಪ ಊಟಕ್ಕೆ ಬಂದಿದ್ದ. ಯಮನಪ್ಪ ಧಾರವಾಡದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಹೊಲಸು ನೀರಿನೊಳಗಿನ ಎಣ್ಣೆಯನ್ನು ಕರೆಂಟಿನಿಂದ ಬೇರೆ ಮಾಡುವ ಬಗೆಯನ್ನು ಅವನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ವಿವರಿಸತೊಡಗಿದಾಗ ಅರ್ಜುನಪ್ಪ, “ನನಗ ಗೊತ್ತೈತಿ, ಗೊತ್ತೈತಿ” ಎಂದು ಅರ್ಧಕ್ಕೇ ನಿಲ್ಲಿಸಿದ್ದ. ಆ ಅರ್ಧವೇ ಈಗ ಅವನ ಬಾಯಿಂದ ಹೊರಬಿತ್ತು.

“ಅದಕ್ಕ ಕರೆಂಟ್ ಕೊಟ್ಟರಾತ್ರಿ.”

ಸಾಹೇಬರು ತಿರುಗಿ ನೋಡಿದರು. ಅವರು ಹುಕುಂ ಮಾಡಿದ ಕೂಡಲೇ ಜನ ಕೈ ಮುಗಿಯುತ್ತಿದ್ದರು, ಅಳುತ್ತಿದ್ದರು, ಚಹಾ ತರಿಸುತ್ತಿದ್ದರು. ಉಪಾಯ ಹೇಳಿದವರನ್ನು ತಮ್ಮ ಸರ್ವಿಸಿನಲ್ಲಿ ಅವರು ಕಂಡಿರಲಿಲ್ಲ.

“ಏನಂದ್ರಿ?”

“ಎರಡು ತಗಡು ನೀರಾಗ ಇಳಿಬಿಟ್ಟು ಕರೆಂಟ್ ಕೊಟ್ರ ಎಣ್ಣಿ ಅಂಜಿ ಮ್ಯಾಲೆ ಬರತೈತ್ರಿ. ದೊಡ್ಡ ದೊಡ್ಡ ದೇಶದಾಗ ಹಿಂಗಽ ಮಾಡಾಕತ್ತಾರ.”

ಯಮನಪ್ಪ ಹೇಳಿದ್ದು ಗುಳ್ಳೆಗಳ ವಿಷಯ. ಎಣ್ಣೆ ಅಂಜುತ್ತದೆಂಬುದು ಅರ್ಜುನಪ್ಪನ ಸ್ವಂತ ಸಂಶೋಧನೆ.

“ಮನ್ಯಾಗಽ ಇಂಥಾ ಮನಶ್ಯಾನ್ನ ಇಟಗೊಂಡು ಹಾಲು ನೀರು ಅಂತೀರಲ್ರಿ ಸಾವಕಾರ್ರ,” ಎಂದರು ಸಾಹೇಬರು. “ಅಮಾಸಿಗೆ ಬರತೇನಿ. ನೀರು ತಿಳಿ ಇರಬೇಕು.” ಸೈಕಲ್ಲನ್ನು ಹತ್ತದೆ, ನೂಕಿಕೊಂಡೇ ಹೋದರು.

ಅವರು ತಿರುವು ದಾಟುವವರೆಗೆ ಹುಚ್ಚಪ್ಪ ಸಾವಕಾರರು ಕೈ ಮುಗಿದುಕೊಂಡೇ ಇದ್ದರು. ಆಮೇಲೆ ಅದೇ ಕೈಯನ್ನು ಅರ್ಜುನಪ್ಪನ ಹೆಗಲ ಮೇಲೆ ಇಟ್ಟರು.

“ಅರ್ಜುನಾ, ನೀ ಹೇಳಿದಿ, ನೀನಽ ಮಾಡು. ಆಗಲಿಲ್ಲಂದ್ರ ಚಾಳದ ಖೋಲಿ ಖಾಲಿ ಮಾಡು.”

“ಸಾವಕಾರ್ರ, ನಾ ಏನೋ ಮಾತಿಗೆ ಅಂದೆ...”

“ನಾನೂ ಮಾತಿಗೇ ಅನ್ನಾಕತ್ತೇನಿ. ಮಿಲ್ಲಿಗೆ ಕೀಲಿ ಬಿದ್ದ ಮ್ಯಾಲೆ ನಿನಗ್ಯಾಕ ಖೋಲಿ?”

ಅರ್ಜುನಪ್ಪನಿಗೆ ಇರಲು ಮಿಲ್ಲು ಕೊಟ್ಟಿದ್ದ ಆ ಖೋಲಿ, ಅಂದರೆ ಕೋಣೆ, ಸಾಮಾನ್ಯದ್ದಲ್ಲ. ಗೋಡೆ ಬಿರಿದಿತ್ತು, ಹೆಂಚು ಸರಿದಿತ್ತು, ಆದರೆ ಬಾಗಿಲ ಮುಂದೆಯೇ ನಳವಿತ್ತು. ಮನೆಯ ಮುಂದೆ ನಳ ಇರುವ ಹೆಂಗಸಿಗೆ ಆಗಿನ ಹುಬ್ಬಳ್ಳಿಯಲ್ಲಿ ಇದ್ದ ಮರ್ಯಾದೆ ಕೊರಳಲ್ಲಿ ಬಂಗಾರದ ಬೋರಮಾಳ ಸರ ಇರುವವಳಿಗೂ ಇರಲಿಲ್ಲ. ಸಾವಕ್ಕ ವಿಷಯ ಕೇಳಿ ಮೊದಲು ನಳದ ಕಡೆ ನೋಡಿದಳು, ಆಮೇಲೆ ಗಂಡನ ಕಡೆ.

“ಯಮನಪ್ಪನ್ನ ಕೇಳ್ರಿ. ಅಂವ ಓದಿದಾಂವ.”

“ಅವನ್ನೇನು ಕೇಳೂದು? ನನಗ ಗೊತ್ತೈತಿ.”

“ಏನ ಗೊತ್ತೈತಿ?”

ಅರ್ಜುನಪ್ಪ ಅಷ್ಟರಲ್ಲಿ ಹೊರಗೆ ಬಿದ್ದು ಗಟಾರದ ಅಗಲ ಅಳೆಯತೊಡಗಿದ್ದ.

ಮರುದಿನ ಗಟಾರದ ಬಾಯಿಗೆ ದನಗಳು ನೀರು ಕುಡಿಯುವ ಕಲ್ಲಿನ ಬಾನಿಯೊಂದನ್ನು ತಂದಿಟ್ಟು, ಮಿಲ್ಲಿನ ನೀರು ಅದರೊಳಗೆ ಬಿದ್ದು ಮುಂದೆ ಹೋಗುವಂತೆ ಮಾಡಲಾಯಿತು. ತಗಡು ಬೇಕಾಗಿತ್ತು. ಸಾವಕ್ಕ ಅಂಗಡಿಗೆ ಹೋದ ಹೊತ್ತು ನೋಡಿ ಅರ್ಜುನಪ್ಪ ಅವಳ ಜರ್ಮನ್ ತಾಟುಗಳಲ್ಲಿ ಎರಡನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದ. ಅಲ್ಯೂಮಿನಿಯಮ್ಮಿನ ಊಟದ ತಾಟು, ಹಗುರ, ಬೆಳ್ಳಗೆ, ತೌರಿನಿಂದ ಬಂದದ್ದು. ಮಿಲ್ಲಿನ ಗೋಡೆಯಿಂದ ತಂತಿ ಎಳೆದು ತಾಟುಗಳಿಗೆ ಸುತ್ತಿ, ನೀರಿನಲ್ಲಿ ಇಳಿಬಿಟ್ಟು, ಸ್ವಿಚ್ಚು ಒತ್ತಿದ. ತಾಟುಗಳು ಜಾರಿ ಒಂದಕ್ಕೊಂದು ತಗುಲಿದ್ದನ್ನು ಅವನು ನೋಡಿರಲಿಲ್ಲ.

ಫಟ್ ಎಂದಿತು. ಮಿಲ್ಲು ನಿಂತಿತು. ಸಾವಕಾರರ ಮನೆಯ ರೇಡಿಯೋ ಶೇಂಗಾದ ಪೇಟೆಧಾರಣೆ ಹೇಳತೊಡಗಿದ್ದು, ಅಂಕಿ ಬರುವ ಮೊದಲೇ ಬಾಯಿ ಮುಚ್ಚಿತು. ಸಾವಕಾರರು ಧೋತರದ ಚುಂಗು ಹಿಡಿದು ಓಡಿ ಬಂದರು.

“ಎಣ್ಣಿ ಅಂಜೇತೋ ಇಲ್ಲೋ ನನಗ ಗೊತ್ತಿಲ್ಲ ಅರ್ಜುನಾ, ನನ್ನ ಫ್ಯೂಜು ಅಂಜೇತಿ. ಇನ್ನ ಮ್ಯಾಲೆ ನನ್ನ ಮೀಟರಿನಾಗಿಂದ ಒಂದು ಹನಿ ಕರೆಂಟೂ ಸಿಗಂಗಿಲ್ಲ.”

“ಹಂಗಾದ್ರ ಎಲ್ಲಿಂದ ತರಲ್ರಿ?”

“ಅದೂ ನಿನಗ ಗೊತ್ತೇ ಇರತೈತಿ.”

ಹೀಗೆ ಕರೆಂಟಿನ ಉಳಿತಾಯವು ಸಾವಕಾರರ ಜಿಪುಣತನದ ರೂಪದಲ್ಲಿ ಯೋಜನೆಯೊಳಗೆ ಪ್ರವೇಶ ಮಾಡಿತು. ಅರ್ಜುನಪ್ಪ ಗಬ್ಬೂರ ರಸ್ತೆಯಲ್ಲಿ ಲಾರಿ ರಿಪೇರಿ ಮಾಡುವ ಬಂದೇನವಾಜನ ಬಳಿಗೆ ಹೋದ. ಬಂದೇನವಾಜ ಮೂಲೆಯಲ್ಲಿ ಬಿದ್ದಿದ್ದ ಬ್ಯಾಟರಿಯೊಂದನ್ನು ಕಾಲಿನಿಂದ ಮುಂದಕ್ಕೆ ಸರಿಸಿದ.

“ಛಲೋ ಐತೇನೋ ಇದು?”

“ಖರೇ ಹೇಳಲೇನಣ್ಣಾ? ಇದು ಲಾರಿ ಎಬ್ಬಸಂಗಿಲ್ಲ.”

“ಮತ್ತ?”

“ನಿನ್ನ ಗಟಾರ ಏನ ಲಾರಿ ಅಲ್ಲಲ್ಲ. ಒಯ್ಯಿ. ಸತ್ತರ ತಾ, ಮತ್ತ ಜೀವಾ ತುಂಬಿ ಕೊಡತೇನಿ.”

ಬ್ಯಾಟರಿ ಬಂತು. ಈ ಸಲ ತಾಟುಗಳು ತಗುಲಬಾರದೆಂದು ಒಂದನ್ನು ಬಾನಿಯ ಆ ತುದಿಗೆ, ಇನ್ನೊಂದನ್ನು ಈ ತುದಿಗೆ, ಜಗಳಾಡಿದ ಅಣ್ಣತಮ್ಮಂದಿರ ಹಾಗೆ ಇಳಿಬಿಡಲಾಯಿತು. ಚಾಳದ ಮಂದಿಯೆಲ್ಲ ಸುತ್ತ ಕೂತರು. ನೀರು ಮಜ್ಜಿಗೆಯ ಹಾಗೆ ಇದ್ದದ್ದು ಮಜ್ಜಿಗೆಯ ಹಾಗೇ ಇತ್ತು. ಎಮ್ಮೆ ಹೊಡೆದುಕೊಂಡು ಹೊರಟಿದ್ದ ಅಕ್ಕವ್ವನೂ ನಿಂತಳು.

“ಅರ್ಜುನಪ್ಪ, ನೀರು ಕಾಸಾಕಿಟ್ಟಿಯೇನು?”

“ಎಣ್ಣಿ ತಗಿಯಾಕತ್ತೇನಿ.”

“ಎಣ್ಣಿಗೆ ಹೇಳಿಯೇನು ಮತ್ತ? ಅದಕ್ಕ ಗೊತ್ತಾಧಂಗ ಕಾಣವಲ್ದು.”

ಎಲ್ಲರೂ ನಕ್ಕರು. ಆ ನಗೆ ಕೇಳಿ ಹೊರಗೆ ಬಂದ ಸಾವಕ್ಕ ಬಾನಿಯೊಳಗೆ ತನ್ನ ತೌರಿನ ತಾಟುಗಳನ್ನು ಕಂಡಳು. ಅವಳು ಅಂದದ್ದರಲ್ಲಿ ಬರೆಯಬಹುದಾದದ್ದು ಇಷ್ಟು: “ಉಣ್ಣೂ ತಾಟು ಗಟಾರಕ್ಕ ಕೊಟ್ಟು ಏನರಿ ಇದು, ಅದಕ್ಕೇನ ಊಟಕ್ಕ ನೀಡಾಕತ್ತೀರೇನು?”

ಆದರೆ ಸಿಟ್ಟಿನಲ್ಲಿಯೂ ಅವಳ ಕಣ್ಣಿಗೆ ಬಿದ್ದದ್ದು ಸುತ್ತ ಕೂತಿದ್ದ ಮಂದಿ. ಇಷ್ಟು ಕಣ್ಣು ಒಬ್ಬ ಗಂಡಸಿನ ಮೇಲೆ ಬಿದ್ದರೆ ಕೆಲಸ ಕೈಗೂಡುವುದು ಹೇಗೆ? ಒಳಗೆ ಹೋದಳು. ಮುಷ್ಟಿ ತುಂಬ ಹರಳುಪ್ಪು, ಒಣ ಮೆಣಸಿನಕಾಯಿ, ಸಾಸಿವೆ ತಂದು ಗಂಡನ ತಲೆಯಿಂದ ಕಾಲಿನವರೆಗೆ ನಿವಾಳಿಸಿದಳು. ಪದ್ಧತಿಯಂತೆ ಅದು ಒಲೆಗೆ ಬೀಳಬೇಕು. ಒಲೆ ದೂರ, ಸಿಟ್ಟು ಹತ್ತಿರ. “ಕಣ್ಣು ಹತ್ತಿದ್ದು ಇಲ್ಲೇ, ಇಲ್ಲೇ ಹೋಗಲಿ,” ಎಂದು ಬಾನಿಯೊಳಗೇ ಒಗೆದಳು. ಸಾಲದ್ದಕ್ಕೆ, “ತಾಟು ಹಿಂಗ ಆಕಡಿಗೊಂದು ಈಕಡಿಗೊಂದು ಇಡತಾರೇನು?” ಎಂದು ಎರಡನ್ನೂ ಅಡಿಗೆಮನೆಯ ಹಲಗೆಯ ಮೇಲೆ ಜೋಡಿಸುವಂತೆ, ನಡುವೆ ಬೆರಳು ಹಿಡಿಯುವಷ್ಟೇ ಸಂದು ಬಿಟ್ಟು, ಅಕ್ಕಪಕ್ಕ ನಿಲ್ಲಿಸಿ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ತಾಟುಗಳ ನಡುವಿನಿಂದ ಸೋಡಾ ಬಾಟಲಿ ಒಡೆದಂತೆ ಸಣ್ಣ ಸಣ್ಣ ಗುಳ್ಳೆಗಳು ಏಳತೊಡಗಿದವು. ಗುಳ್ಳೆಗಳ ಬೆನ್ನಿಗೆ ಕಂದು ಬಣ್ಣದ ನೊರೆ, ನೊರೆಯ ಜೊತೆಗೆ ಎಣ್ಣೆ, ಕೆನೆಗಟ್ಟಿದಂತೆ ಮೇಲೆ ಬಂತು. ಸೌಟಿನಿಂದ ಸರಿಸಿ ನೋಡಿದರೆ ಕೆಳಗೆ ಬಾನಿಯ ತಳದ ಕಲ್ಲು ಕಾಣುತ್ತಿತ್ತು. ಕೂತವರು ಎದ್ದು ನಿಂತರು.

“ಎಂಥಾ ಕಣ್ಣು ಹತ್ತಿದ್ದವು ನೋಡವ್ವ,” ಎಂದಳು ಅಕ್ಕವ್ವ.

“ನಾ ಹೇಳಿದ್ನಲ್ಲ, ಅಂಜಿ ಮ್ಯಾಲೆ ಬರತೈತಿ ಅಂತ,” ಎಂದ ಅರ್ಜುನಪ್ಪ.

ಅಂದಿನಿಂದ ಬೆಂಗೇರಿಯಲ್ಲಿ ವಿಜ್ಞಾನ ನಿತ್ಯವೂ ಬೆಳಿಗ್ಗೆ ಹೀಗೆ ನಡೆಯಿತು: ಅರ್ಜುನಪ್ಪ ಬಾನಿಯ ಮುಂದೆ ಪೂರ್ವಕ್ಕೆ ಮುಖ ಮಾಡಿ ನಿಲ್ಲುವನು, ಸಾವಕ್ಕ ನಿವಾಳಿಸಿ ಬಾನಿಗೆ ಹಾಕುವಳು, ಬ್ಯಾಟರಿಗೆ ತಂತಿ ಹಚ್ಚುವುದು. ಒಂದು ದಿನ ಸಾವಕ್ಕ ಮುನಿಸಿಕೊಂಡು ನಿವಾಳಿಸಲಿಲ್ಲ. ಗುಳ್ಳೆ ಏಳಲಿಲ್ಲ. ಆ ಮೇಲೆ ಅರ್ಜುನಪ್ಪ ಹೆಂಡತಿಯ ಜೊತೆ ಎದುರು ಮಾತಾಡುವುದನ್ನೇ ಬಿಟ್ಟ.

ಅಮಾವಾಸ್ಯೆಗೆ ಗಟಾರ ಸಾಹೇಬರು ಬಂದರು. ನೊರೆ ನೋಡಿದರು, ತಿಳಿನೀರು ನೋಡಿದರು, ತೇಲುತ್ತಿದ್ದ ಮೆಣಸಿನಕಾಯಿ ನೋಡಿದರು.

“ಇದ್ಯಾಕ್ರಿ?”

“ಖಾರ ಇಲ್ಲಂದ್ರ ಕರೆಂಟ್ ಮಬ್ಬಾಗತೈತ್ರಿ,” ಎಂದ ಅರ್ಜುನಪ್ಪ. ಸಾಹೇಬರು ತಲೆಯಾಡಿಸಿದರು. ತಿಳಿಯದ್ದಕ್ಕೆ ತಲೆಯಾಡಿಸುವುದು ಅವರ ಹುದ್ದೆಗೆ ಬೇಕಾದ ಅರ್ಹತೆಗಳಲ್ಲಿ ಒಂದಾಗಿತ್ತು.

“ಕರೆಂಟ್ ಎಷ್ಟ ಹತ್ತತೈತಿ?”

“ಲಾರಿ ಎಬ್ಬಸಲಾರದಷ್ಟರಿ.”

“ನಮ್ಮಲ್ಲೆ ಕರೆಂಟ್ ಸುಮ್ಮಸುಮ್ನ ಸುಡೂದಿಲ್ಲರಿ ಸಾಹೇಬ್ರ,” ಎಂದು ಸಾವಕಾರರು ನಡುವೆ ಬಾಯಿ ಹಾಕಿದರು. “ದೇಶದ ಸಲವಾಗಿ ಅಷ್ಟು ಮಾಡದಿದ್ರ ಹೆಂಗ?”

ಸಾಹೇಬರು ಬಾನಿಯ ನೀರನ್ನು ಗ್ಲಾಸಿನಲ್ಲಿ ತುಂಬಿ ಬಿಸಿಲಿಗೆ ಹಿಡಿದರು. ಕನ್ನಡಿಯಂತಿತ್ತು. “ಕುಡದ ತೋರಸ್ರಿ ನೋಡೂಣು,” ಎಂದು ಅರ್ಜುನಪ್ಪನ ಕಡೆ ಚಾಚಿದರು.

“ಇವತ್ತ ಅಮಾಸಿರಿ. ಉಪಾಸ ಅದೇನಿ.”

ಗ್ಲಾಸು ಸಾವಕಾರರ ಕಡೆ ತಿರುಗಿತು. ಸಾವಕಾರರಿಗೂ ಅಂದೇ ಉಪವಾಸವೆಂದು ಗೊತ್ತಾಯಿತು. ಸಾಹೇಬರು ಇಬ್ಬರ ದೈವಭಕ್ತಿಯನ್ನು ಮೆಚ್ಚಿ, ಮಿಲ್ಲಿಗೆ ಕೀಲಿ ಇಲ್ಲವೆಂದು ಹೇಳಿ, ಸೈಕಲ್ ಹತ್ತಿಯೇ ಹೋದರು. ಖೋಲಿ ಉಳಿಯಿತು. ನಳ ಉಳಿಯಿತು.

ತಾಟು ಉಳಿಯಲಿಲ್ಲ. ಮೊದಲಿನ ಎರಡು ಸವೆದು ಸಣ್ಣಗಾದ ಮೇಲೆ ಮತ್ತೆರಡು ಹೋದವು, ಆ ಮೇಲೆ ಮತ್ತೆರಡು. ಸವೆದವುಗಳನ್ನು ಸಾವಕ್ಕ ಎಸೆಯದೆ ತಿಕ್ಕಿ ಇಟ್ಟಿದ್ದಳು. ಆದಿತ್ಯವಾರ ಯಮನಪ್ಪ ಬಂದಾಗ ಮನೆಯಲ್ಲಿ ಬೇರೆ ತಾಟೇ ಇರಲಿಲ್ಲ. ಅವಳು ಕಟ್ಟಿನ ಸಾರು ಬಡಿಸಿದಳು. ಸಾರು ತಾಟಿನಲ್ಲಿ ನಿಲ್ಲದೆ ಧಾರವಾಡದ ಇಸ್ತ್ರಿಯ ಧೋತರಕ್ಕೆ ಇಳಿಯಿತು. ಯಮನಪ್ಪ ತಾಟನ್ನು ಎತ್ತಿ ಬೆಳಕಿಗೆ ಹಿಡಿದ. ಜರಡಿ.

“ಮಾವಾರ, ಇದನ್ನ ಕರೆಂಟಿಗೆ ಹಚ್ಚೀರೇನು?”

“ಹೂಂ. ಗಟಾರದಾಗಿನ ಎಣ್ಣಿ ತಗಿಯಾಕ.”

ಯಮನಪ್ಪನಿಗೆ ಆನಂದವಾಯಿತು. ಒದ್ದೆ ಧೋತರದಲ್ಲಿಯೇ ಕೂತು ಪಾಠ ಮಾಡಿದ. ತಾಟು ಕರಗಿ ನೀರಿನೊಳಗೆ ಹೋಗುತ್ತದೆ, ಕರಗಿದ್ದು ಎಣ್ಣೆಯ ಹನಿಗಳನ್ನು ಕೂಡಿಸಿ ಮುದ್ದೆ ಮಾಡುತ್ತದೆ, ಗುಳ್ಳೆಗಳು ಮುದ್ದೆಯನ್ನು ಮೇಲಕ್ಕೆ ಹೊತ್ತು ತರುತ್ತವೆ. ಉಪ್ಪು ಹಾಕಿದರೆ ನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ತಾಟುಗಳು ಹತ್ತಿರ ಇದ್ದರೆ ಇನ್ನೂ ಕಡಿಮೆ ಬ್ಯಾಟರಿ ಸಾಕು.

“ನನಗ ಗೊತ್ತೈತಿ,” ಎಂದ ಅರ್ಜುನಪ್ಪ.

“ಮೆಣಸಿನಕಾಯಿ ಏನೂ ಬೇಕಾಗಿಲ್ಲ ಅಕ್ಕಾ. ಉಪ್ಪು ಸಾಕು.”

“ಉಪ್ಪು ನೀರಿಗೆ,” ಎಂದಳು ಸಾವಕ್ಕ. “ಮೆಣಸಿನಕಾಯಿ ಇವರಿಗೆ. ಅದಿರಲಿ, ತಾಟು ಕರಗಿ ಎಲ್ಲಿ ಹೋಗತಾವಂದಿ?”

“ಒಂದಿಷ್ಟು ನೊರಿಯೊಳಗ, ಒಂದಿಷ್ಟು ನೀರಿನೊಳಗ.”

“ಅಂದ್ರ ನನ್ನ ತವರಮನಿ ತಾಟು ಅಕ್ಕವ್ವನ ಎಮ್ಮಿ ಕುಡಿಯಾಕತ್ತಾವು.” ಆ ಪಾಠದಿಂದ ಅವಳು ಕಲಿತದ್ದು ಇಷ್ಟೇ, ಆದರೆ ಪೂರ್ತಿ ಕಲಿತಳು. ಮರುದಿನ ಬಂದೇನವಾಜನ ಅಂಗಡಿಯಿಂದ ಹಳೆಯ ಜರ್ಮನ್ ತಗಡು ತರಿಸಿದಳು. ಮನೆಯಲ್ಲಿ ಊಟ ಮುತ್ತಲ ಪತ್ರಾವಳಿಯ ಮೇಲೆ ಆಗತೊಡಗಿತು.

ಇಷ್ಟರಲ್ಲಿ ಹೊಂಡದ ನೀರೂ ತಿಳಿಯಾಯಿತು. ಬೆಂಗೇರಿಯ ಜನ ಅದರಲ್ಲಿ ಮೊದಲ ಸಲ ತಮ್ಮ ಮುಖ ನೋಡಿಕೊಂಡರು. ಎರಡನೆಯ ವಾರ ಸಂಜೆಗೆ ಗುಂಗಾಡಗಳೂ, ಅಂದರೆ ಸೊಳ್ಳೆಗಳೂ, ನೋಡಿಕೊಳ್ಳಲು ಬಂದವು. ಎಣ್ಣೆಯ ಪದರು ಇದ್ದಷ್ಟು ದಿನ ಅಲ್ಲಿ ಒಂದು ಗುಂಗಾಡವೂ ಮರಿ ಮಾಡಿರಲಿಲ್ಲ. ಈಗ ಚಾಳದ ತುಂಬ ಅವುಗಳದೇ ಸಂಗೀತ. ಅರ್ಜುನಪ್ಪನನ್ನು ಹೊಗಳಿದವರೇ ಅವನ ಬಾಗಿಲಿಗೆ ಬಂದರು. ಎಲ್ಲರಿಗಿಂತ ಮೊದಲು ಅಕ್ಕವ್ವ.

“ಎಣ್ಣಿ ಇದ್ದಾಗ ನನ್ನ ಎಮ್ಮಿ ಮೈಮ್ಯಾಲೆ ಒಂದು ನೊಣಾ ಕೂಡತಿದ್ದಿಲ್ಲ. ಈಗ ಬಾಲಾ ಬೀಸಿ ಬೀಸಿ ಹಾಲು ಕರಿಯಾಕ ಬಿಡವಲ್ವು. ಕಾಲಿನಿಂದ ಚರಿಗಿ ಒದ್ದು ಚೆಲ್ಲತಾವು.”

“ಗುಂಗಾಡ ಎಲ್ಲಾ ಕಡೆ ಇರತಾವವ್ವ.”

“ಇವು ಬ್ಯಾರೆ. ಕರೆಂಟ್ ಕುಡದ ಗುಂಗಾಡ. ಕಚ್ಚಿದ್ರ ಝುಮ್ ಅಂತೈತಿ.”

ಸಂಜೆಯೊಳಗೆ ಇಡೀ ಓಣಿಗೆ ಝುಮ್ ಎನ್ನತೊಡಗಿತು. ಬಂದೇನವಾಜ ಮಾತ್ರ ತನ್ನ ಬ್ಯಾಟರಿಯ ಶಕ್ತಿಯ ಬಗ್ಗೆ ಇಷ್ಟು ಗೌರವದ ಮಾತು ಈವರೆಗೆ ಕೇಳಿರಲಿಲ್ಲವೆಂದ.

ಸುದ್ದಿ ಸರಕಾರದ ಇನ್ನೊಂದು ಕಚೇರಿಗೆ ಮುಟ್ಟಿತು. ಅಲ್ಲಿಂದ ಉದ್ದ ಹಿಡಿಕೆಯ ಸೌಟು ಹಿಡಿದು ಇನ್ನೊಬ್ಬ ಸಾಹೇಬರು ಬಂದರು. ಇವರು ಗುಂಗಾಡ ಸಾಹೇಬರು. ನಿಂತ ನೀರಿಗೆಲ್ಲ ಎಣ್ಣೆ ಸುರಿದು ಗುಂಗಾಡಗಳ ಸಂತಾನ ಅಳಿಸುವುದು ಅವರ ಕೆಲಸ. ಬೆಂಗೇರಿಯ ಹೊಂಡಕ್ಕೆ ವರ್ಷಾನುಗಟ್ಟಲೆ ತಪ್ಪದೆ ಎಣ್ಣೆ ಸುರಿದ ಕೀರ್ತಿ ಅವರ ಕಚೇರಿಯಲ್ಲಿ ಅವರ ಹೆಸರಿಗೆ ಇತ್ತು. ಸುರಿದದ್ದು ಮಿಲ್ಲಿನ ಗಟಾರ. ಅವರಿಗೆಂದು ಬರುತ್ತಿದ್ದ ಎಣ್ಣೆ ಎಲ್ಲಿ ಹೋಯಿತೆಂದು ಕೇಳುವಷ್ಟು ಅಸಭ್ಯರು ಬೆಂಗೇರಿಯಲ್ಲಿ ಇರಲಿಲ್ಲ.

ಅವರು ಸೌಟಿನಿಂದ ಹೊಂಡದ ನೀರು ತೆಗೆದು ನೋಡಿದರು. ಸೌಟಿನೊಳಗೆ ಹುಳಗಳು ಡೊಂಕುಡೊಂಕಾಗಿ ಕುಣಿಯುತ್ತಿದ್ದವು.

“ಈ ಹೊಂಡದಾಗಿನ ಎಣ್ಣಿ ಯಾರ ತಗದ್ರಿ?”

ಇಡೀ ಓಣಿ ಅರ್ಜುನಪ್ಪನ ಕಡೆ ನೋಡಿತು. ಅವನ ಜ್ಞಾನಕ್ಕೆ ಇಷ್ಟು ಒಮ್ಮತದ ಮನ್ನಣೆ ಹಿಂದೆಂದೂ ಸಿಕ್ಕಿರಲಿಲ್ಲ.

“ಎಣ್ಣಿ ವಾಪಸ್ ಬರಬೇಕು,” ಎಂದರು ಗುಂಗಾಡ ಸಾಹೇಬರು. “ಇಲ್ಲಂದ್ರ ಮಿಲ್ಲಿಗೆ ಕೀಲಿ.”

ಹುಚ್ಚಪ್ಪ ಸಾವಕಾರರ ಕೈ ಮತ್ತೆ ಅರ್ಜುನಪ್ಪನ ಹೆಗಲಿಗೆ ಬಂತು. “ತಗದಾಂವ ನೀ. ಹಾಕಾಂವನೂ ನೀನಽ. ಆಗಲಿಲ್ಲಂದ್ರ ಖೋಲಿ...”

“ಹಾಕಿದ್ರ ಆ ಸಾಹೇಬ್ರು ಕೀಲಿ ಹಾಕತಾರ್ರಿ.”

“ಅದಕ್ಕಽ ನಿನಗ ಹೇಳಾಕತ್ತೇನಿ. ಉಪಾಯಾ ಹೇಳಾಂವ ನೀನಲ್ಲ?”

ಆ ಹೊತ್ತಿಗೆ ಸರಿಯಾಗಿ ಗಟಾರ ಸಾಹೇಬರೂ ಬಂದರು. ತಮ್ಮ ಗಟಾರವನ್ನು ಹೊರಗಿನವರಿಗೆ ತೋರಿಸಿ ಹೆಮ್ಮೆಪಡುವುದು ಈಚೆಗೆ ಅವರ ರೂಢಿ. ಬಾನಿಯ ಆಚೆ ಒಬ್ಬರು, ಈಚೆ ಒಬ್ಬರು ನಿಂತರು. ನಡುವೆ ಅರ್ಜುನಪ್ಪ.

“ಈ ನೀರಾಗ ಒಂದು ಹನಿ ಎಣ್ಣಿ ಇರಬಾರದು ಅಂತ ನನ್ನ ಹುಕುಂ ಐತ್ರಿ,” ಎಂದರು ಗಟಾರ ಸಾಹೇಬರು.

“ಈ ನೀರಿನ ಮ್ಯಾಲೆ ಎಣ್ಣಿ ಇಲ್ಲದ ಒಂದು ಹನಿಯಷ್ಟು ಜಾಗಾ ಇರಬಾರದು ಅಂತ ನಂದೂ ಐತ್ರಿ.”

“ಮೊದಲ ಈ ಹೊಂಡಕ್ಕ ಎಣ್ಣಿ ನೀವಽ ಹಾಕತಿದ್ರೇನ್ರಿ?”

“ಮೊದಲ ಈ ಗಟಾರ ಕಾಣಲಾರದಽ ನೀವು ಇಷ್ಟು ದಿನಾ ಎಲ್ಲಿದ್ರಿ?”

ಸಂಭಾಷಣೆ ಹೋಗುತ್ತಿರುವ ದಿಕ್ಕು ಸರಿಯಿಲ್ಲವೆಂಬುದು ಇಬ್ಬರಿಗೂ ಒಮ್ಮೆಲೇ ಹೊಳೆಯಿತು. ಸಾವಕಾರರು ಚಹಾ ತರಿಸಿದರು. ಚಹಾ ಮುಗಿಯುವುದರೊಳಗೆ ಸರಕಾರಕ್ಕೆ ಶೋಭಿಸುವಂಥ ನಿರ್ಣಯವಾಯಿತು. ಮಿಲ್ಲಿನಿಂದ ಹೊಂಡದ ದಂಡೆಯವರೆಗೆ ಗಟಾರ ಸಾಹೇಬರ ಸರಹದ್ದು, ಅಲ್ಲಿ ನೀರು ಶುದ್ಧವಿರಬೇಕು. ಹೊಂಡದಿಂದ ಮುಂದೆ ಗುಂಗಾಡ ಸಾಹೇಬರ ಸರಹದ್ದು, ಅಲ್ಲಿ ಎಣ್ಣೆ ಇರಬೇಕು. ಬೆಳಿಗ್ಗೆ ಬಾನಿಯಿಂದ ತೆಗೆದ ಎಣ್ಣೆಯನ್ನು ಡಬ್ಬಿಯಲ್ಲಿ ತುಂಬಿ, ಸಂಜೆ ಹೊಂಡಕ್ಕೆ ಸುರಿಯತಕ್ಕದ್ದು.

“ಅಲ್ಲರಿ,” ಎಂದ ಅರ್ಜುನಪ್ಪ ಮೆಲ್ಲಗೆ, “ತಗೀಲಾರದಽ ಬಿಟ್ಟರ ಎಣ್ಣಿ ತಾನಽ ಗಟಾರದಾಗ ಹರಕೋಂತ ಹೊಂಡಕ್ಕ ಹೋಗತೈತಲ್ರಿ. ಮೊದಲಿನಂಗ.”

ಸಾಹೇಬರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅವರ ನಡುವೆ ಅಂದು ಮೂಡಿದ ಸ್ನೇಹ ಮುಂದೆಯೂ ಬಾಳಿತು.

“ಓದಲಾರದ ಮಂದಿ,” ಎಂದರು ಒಬ್ಬರು. “ಗಟಾರದಾಗ ಹರದು ಹೋದ್ರ ಅದು ಹೊಲಸು.”

“ಡಬ್ಬಿಯೊಳಗ ಹೋದ್ರ ಔಷಧ,” ಎಂದರು ಇನ್ನೊಬ್ಬರು.

ಸಾವಕಾರರಿಗೆ ಒಂದೇ ಸಂಕಟ. ಗಟಾರದಲ್ಲಿದ್ದಾಗ ಯಾರದೂ ಅಲ್ಲದ ಎಣ್ಣೆ ಡಬ್ಬಿಗೆ ಬಂದ ಕೂಡಲೇ ಅವರದಾಗಿತ್ತು. ಅದನ್ನು ಎಮ್ಮೆಯ ಹೊಂಡಕ್ಕೆ ಸುರಿಯುವುದನ್ನು ನೋಡಲಾರದೆ ಅವರು ಸ್ವಲ್ಪ ದಿನ ಸಂಜೆಯ ಹೊತ್ತು ಮಿಲ್ಲಿನ ಒಳಗೇ ಕೂಡುತ್ತಿದ್ದರು. ಆಮೇಲೆ ರೂಢಿಯಾಯಿತು. ಅರ್ಜುನಪ್ಪನಿಗೆ ತೂಕದ ಕೆಲಸದ ಜೊತೆಗೆ ತೆಗೆಯುವ ಕೆಲಸ, ಸುರಿಯುವ ಕೆಲಸ ಎರಡೂ ಖಾಯಂ ಆದವು. ಪಗಾರ ಇದ್ದದ್ದೇ ಇತ್ತು.

ಮುಂದಿನ ಸಲ ಯಮನಪ್ಪ ಬಂದಾಗ ಸಂಜೆಯಾಗಿತ್ತು. ಕನ್ನಡಿಯಂತೆ ಹರಿಯುತ್ತಿದ್ದ ಗಟಾರದ ಪಕ್ಕದಲ್ಲಿ, ನೀರು ಹೋಗುವ ದಿಕ್ಕಿಗೇ, ಎಣ್ಣೆಯ ಡಬ್ಬಿ ಹೊತ್ತ ಅರ್ಜುನಪ್ಪ ನಡೆದು ಬರುತ್ತಿದ್ದ. ಹೊಂಡದಿಂದ ಎದ್ದು ಬಂದ ಅಕ್ಕವ್ವನ ಎಮ್ಮೆಗಳು ದಾರಿಯಲ್ಲಿಯೇ ಅವನನ್ನು ಎದುರುಗೊಂಡವು.

“ಮಾವಾರ,” ಎಂದ ಯಮನಪ್ಪ, ಎಲ್ಲ ಕೇಳಿದ ಮೇಲೆ, “ತಗದ ಎಣ್ಣಿ ಮತ್ತ ಅಲ್ಲೇ ಹಾಕೂದಾದ್ರ, ತಗಿಯೂದಾದರೂ ಯಾಕ?”

ಅರ್ಜುನಪ್ಪ ಡಬ್ಬಿಯನ್ನು ಕೆಳಗಿಟ್ಟು ಬೆವರು ಒರೆಸಿಕೊಂಡ. ಖೋಲಿಯ ಬಾಗಿಲಲ್ಲಿ ಸಾವಕ್ಕ ನಳಕ್ಕೆ ಕೊಡ ಹಿಡಿದು, ಸರತಿಗೆ ನಿಂತ ಹೆಂಗಸರಿಗೆ ಒಬ್ಬೊಬ್ಬರಿಗೇ ಅಪ್ಪಣೆ ಕೊಡುತ್ತಿದ್ದಳು. ಅವನು ಅದನ್ನೇ ನೋಡಿದ.

“ನನಗ ಗೊತ್ತೈತಿ,” ಎಂದು ಡಬ್ಬಿ ಎತ್ತಿ ಹೆಗಲಿಗಿಟ್ಟು ಹೊಂಡದ ಕಡೆ ನಡೆದ.